ಅಮಾವಾಸ್ಯೆಗೆ ಬಿದ್ದ ತಾರೀಖು

ಕಾಗವಾಡದ ಒಣದ್ರಾಕ್ಷಿ ಸಂಘವೊಂದರಲ್ಲಿ ಖರೀದಿ ಆರ್ಡರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಣಹಾಕುವ ಮೊದಲು ಹಣ್ಣನ್ನು ಅದ್ದುವ ಎಣ್ಣೆ ಮಿರಜಿನಿಂದ ಬರಬೇಕು. ಅದು ತಡವಾದಾಗಲೆಲ್ಲ ಒಂದೊಂದೇ ಆರ್ಡರು ತೆಗೆದು ತಾರೀಖು ತಿದ್ದುತ್ತಿದ್ದೆ. ಈ ಕತ್ತೆ ಚಾಕರಿ ಸಾಕಾಗಿ, ಮೊಬೈಲಿನಲ್ಲಿ ಪಾಠ ನೋಡಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದೆ. ಬಾಕಿ ಆರ್ಡರುಗಳಿಗೆಲ್ಲ ಒಂದೇ ಏಟಿಗೆ ಹೊಸ ತಾರೀಖು ಬಿತ್ತು. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ವರ್ಷ ಅವ್ವ ಮೊದಲ ಸಲ ತೋಟದ ಹಣ್ಣನ್ನು ವ್ಯಾಪಾರಿಗೆ ಕೊಡದೆ ತಾನೇ ಒಣಗಿಸಲು ಹೊರಟಿದ್ದಳು. "ನಿನ್ನ ಕೈಲೆ ಆಗೂದಲ್ಲ" ಎಂದಿದ್ದ ಅಣ್ಣನಿಗೆ ಮಾಡಿ ತೋರಿಸುವ ಹಟ ಅವಳದು. ಕೊಯ್ದ ಹಣ್ಣು ಎಣ್ಣೆಯಿಲ್ಲದೆ ಕೂತರೆ ಕೆಡುತ್ತದೆ. ಸಂಘಕ್ಕೆ ಎಣ್ಣೆ ಬರುವ ದಿನವೇ ಕೊಯ್ಲು ಎಂದು, ಸ್ಕ್ರಿಪ್ಟು ಹಾಕಿದ ತಾರೀಖು ನೋಡಿ ನಾನೇ ಗೊತ್ತುಮಾಡಿದೆ.

"ನಾಳೆ ಅಮಾಸಿ ಐತಿ ಯವ್ವಾ. ನಾಡದ ಕೊಯ್ಯೋಣು" ಎಂದಳು ಅವ್ವ.

ನನಗೆ ರೇಗಿತು. "ಕಂಪ್ಯೂಟರಿನಾಗ ತಾರೀಖ ಐತಿ. ಹಣ್ಣಿಗೆ ಯಾವ ಅಮಾಸಿ ಬೇ?"

ಅವ್ವ ಕೊಯ್ಯುವವರಿಗೆ ಬೆಳಿಗ್ಗೆ ಬರಲು ಹೇಳಿಕಳಿಸಿದಳು. ನಾನು ಗೆದ್ದೆ ಅಂದುಕೊಂಡೆ.

ಬೆಳಿಗ್ಗೆ ಕಚೇರಿಯಿಂದ ಮಿರಜಿಗೆ ಫೋನು ಹಚ್ಚಿದೆ. ಎಣ್ಣೆಯ ವ್ಯಾಪಾರಿ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ: ಇವತ್ತು ಅಮಾವಾಸ್ಯೆ, ಡ್ರೈವರು ಗಾಡಿ ಹೊರಗೆ ತೆಗೆಯುವುದಿಲ್ಲ. ಅವ್ವನಿಗೆ ಫೋನು ಮಾಡುವಷ್ಟರಲ್ಲಿ ಒಂದು ಸಾಲು ಬಳ್ಳಿ ಖಾಲಿಯಾಗಿತ್ತು. ಅವಳು ಬೈಯಲಿಲ್ಲ. ಕೊಯ್ಯುವವರನ್ನು ನಿಲ್ಲಿಸಿ, ಕೊಯ್ದಷ್ಟನ್ನು ಓಣಿಗೆಲ್ಲ ಹಂಚಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಮಾವಾಸ್ಯೆಯನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಗಾಡಿ ಹೊಡೆಯುವವನು ನಂಬುತ್ತಾನೆ, ಎಣ್ಣೆ ತರುವವನು ಅವನೇ. ಗೋಡೆಯ ಕ್ಯಾಲೆಂಡರು ಇಳಿಸಿ ವರ್ಷದ ಅಮಾವಾಸ್ಯೆಗಳನ್ನೆಲ್ಲ ಡೇಟಾಬೇಸಿಗೆ ಸೇರಿಸಿದೆ. ತಾರೀಖು ಅಂಥ ದಿನಕ್ಕೆ ಬಿದ್ದರೆ ಸ್ಕ್ರಿಪ್ಟು ಅದನ್ನು ಮುಂದಿನ ದಿನಕ್ಕೆ ಒಯ್ಯುತ್ತದೆ. ಸಂಘದ ಸಾಹೇಬರು ನಕ್ಕರು, ಬೇಡ ಎನ್ನಲಿಲ್ಲ.

ಎಣ್ಣೆ ಬಂದ ಮೇಲೆ ಕೊಯ್ದ ಉಳಿದ ಹಣ್ಣು ಚೆನ್ನಾಗಿಯೇ ಒಣಗಿತು. ಅಣ್ಣ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಇನ್ನೊಂದು ಹಿಡಿಗೆ ಕೈಯಿಟ್ಟ. ಕಸ ಆರಿಸುತ್ತ ಕೂತಿದ್ದ ಅವ್ವನಿಗೆ ನನ್ನ ಹೊಸ ಸ್ಕ್ರಿಪ್ಟಿನ ವಿಷಯ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

ಅವಳು ಕೈ ನಿಲ್ಲಿಸದೆ ಅಂದಳು: "ಇಷ್ಟ ವರ್ಷ ನಾ ಹೇಳಿದ್ದ ಕೇಳಲಿಲ್ಲ ಯವ್ವಾ. ಮಿರಜಿನಾಂವ ಒಮ್ಮೆ ಅಂದದ್ದ ಕೇಳಿದಿ."