ಶಂಕರಮ್ಮ ಹಾಕಿದ ಲಾಕು

ಕಂಪ್ಯೂಟರಿನ ಮುಂದಿನಿಂದ ಏಳುವುದಕ್ಕೆ ಶಂಕರಮ್ಮನಿಗೆ ಒಂದು ಕ್ರಮವಿದೆ. ಮೊದಲು ಮಾಡಿದ ಕೆಲಸ ಉಳಿಸಬೇಕು, ಆಮೇಲೆ ಪರದೆಗೆ ಲಾಕ್ ಹಾಕಬೇಕು, ಕೊನೆಗೆ ತಾನೇ ಹೊಲಿದ ನೀಲಿ ಬಟ್ಟೆಯ ಗವಸನ್ನು ಕೀಬೋರ್ಡಿಗೆ ಹೊದಿಸಬೇಕು. ನೀರು ಕುಡಿಯಲು ಎದ್ದರೂ ಇಷ್ಟೂ ಆಗಲೇಬೇಕು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಟೈಪಿಂಗ್ ಕಲಿತ ಕಾಲದ ಅಭ್ಯಾಸ ಅದು. ಯಂತ್ರಕ್ಕೆ ಗವಸು ಹಾಕದೆ ಎದ್ದವರಿಗೆ ಮರುದಿನ ಹೊಸ ಪಾಠವಿಲ್ಲ ಎಂದು ಅಲ್ಲಿ ಕಟ್ಟಪ್ಪಣೆಯಿತ್ತು. ಟೈಪ್‌ರೈಟರು ಹೋಗಿ ಇಪ್ಪತ್ತೈದು ವರ್ಷವಾಯಿತು, ಗವಸು ಹೋಗಿಲ್ಲ. ಬೆರಳೂ ಅಷ್ಟೇ, ನಾಲ್ಕು ಕಾರ್ಬನ್ ಹಾಳೆ ಇಟ್ಟವರಂತೆ ಇವತ್ತಿಗೂ ಕುಟ್ಟುತ್ತವೆ.

ದಿನಾ ಬೆಳಿಗ್ಗೆ ಬಸ್ಸು ಹಿಡಿದು ಅವಳು ಶಿವಮೊಗ್ಗದ ವಿನೋಬನಗರಕ್ಕೆ, ಷಡಕ್ಷರಪ್ಪನವರ ಪ್ರೆಸ್ಸಿಗೆ ಬರುತ್ತಾಳೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಪತ್ರ ಎಲ್ಲವನ್ನೂ ಯಾರಾದರೂ ಟೈಪ್ ಮಾಡಬಹುದು. ಆದರೆ ಗೋಪಾಳದ ಒಂದು ಖಾಸಗಿ ಶಾಲೆಯ ಪ್ರಶ್ನೆಪತ್ರಿಕೆಯನ್ನು ಶಂಕರಮ್ಮನೊಬ್ಬಳೇ ಮುಟ್ಟಬೇಕು. ಅದಕ್ಕೆಂದೇ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರಿದೆ. ಅದರ ಪಾಸ್‌ವರ್ಡ್ ಅವಳಿಗೆ ಬಿಟ್ಟರೆ ಯಜಮಾನರಿಗೂ ಗೊತ್ತಿಲ್ಲ. ತನ್ನ ಸಂಬಳ ಹೆಚ್ಚಾದದ್ದನ್ನು ಗಂಡನಿಗೆ ಹೇಳಿದಾಗಲೂ ಅವಳಿಗೆ ಅಷ್ಟು ಹೆಮ್ಮೆಯಾಗಿರಲಿಲ್ಲ, ಈ ಮೂಲೆಯ ಕುರ್ಚಿ ಸಿಕ್ಕಿದಾಗ ಆಗಿತ್ತು.

ಆ ಕುರ್ಚಿಗೇ ಈ ಸಲದ ಆಯುಧಪೂಜೆಯಲ್ಲಿ ಸಂಚಕಾರ ಬಂತು.

ಓಡುವ ಯಂತ್ರಕ್ಕೆ ಮಾತ್ರ ಪೂಜೆ ಎನ್ನುವುದು ಷಡಕ್ಷರಪ್ಪನವರ ಶಾಸ್ತ್ರ. ಹಾಗಾಗಿ ಪೂಜೆಯ ಹೊತ್ತಿನಲ್ಲಿ ಕಂಪ್ಯೂಟರುಗಳೆಲ್ಲ ಉರಿಯುತ್ತಲೇ ಇರಬೇಕು. ಪೂಜೆ ಮುಗಿದ ಮೇಲೆ ಅವರು ಹೂವು, ಕುಂಕುಮ, ಹಣ್ಣುಕಾಯಿಗಳಿಂದ ಮೆರೆಯುತ್ತಿದ್ದ ಒಂದೊಂದು ಯಂತ್ರದ ಫೋಟೊ ತೆಗೆದು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಏರಿಸಿದರು. ಮೂಲೆಯ ಕಂಪ್ಯೂಟರಿನ ಫೋಟೊದಲ್ಲಿ ಚೆಂಡುಹೂವಿನ ಮಾಲೆಯ ಕೆಳಗೆ, ಕಣ್ಣಿಗೆ ರಾಚುವಂತೆ, ಒಂಬತ್ತನೇ ತರಗತಿಯ ವಿಜ್ಞಾನದ ಪ್ರಶ್ನೆಪತ್ರಿಕೆ ತೆರೆದುಕೊಂಡಿತ್ತು. ಸಂಜೆಯೊಳಗೆ ಮಕ್ಕಳ ಅಪ್ಪಅಮ್ಮಂದಿರು ಅದನ್ನು ಹಿಗ್ಗಿಸಿ ಓದಿ, ಒಬ್ಬರಿಂದೊಬ್ಬರಿಗೆ ಕಳಿಸಿ ಆಗಿತ್ತು.

ವಿಜಯದಶಮಿಯ ಮರುದಿನ ಶಂಕರಮ್ಮ ಚೀಲ ಇಡುವ ಮೊದಲೇ ಯಜಮಾನರು ಕರೆದರು.

"ನೋಡಿ ಶಂಕರಮ್ಮ, ಲಾಕ್ ಹಾಕೋದು ಮರೆತೆ ಅಂತ ಎರಡು ಸಾಲು ಟೈಪ್ ಮಾಡಿ ಸೈನ್ ಹಾಕಿ ಕೊಡಿ. ಸ್ಕೂಲಿನ ಹೆಡ್‌ಮೇಡಂ ಹನ್ನೆರಡಕ್ಕೆ ಬರ್ತಾರೆ. ಕೆಲಸದಿಂದೇನೂ ತೆಗೆಯಲ್ಲ. ಪ್ರಶ್ನೆಪತ್ರಿಕೆ ಇನ್ನು ಬೇರೆಯವರ ಕೈಲಿ ಮಾಡಿಸ್ತೀನಿ ಅಂದಿದೀನಿ, ಅಷ್ಟೇ."

"ಮರೆತಿದ್ರೆ ಬರೀತಿದ್ದೆ ಯಜಮಾನ್ರೆ. ನಾನು ಮರೆತಿಲ್ಲ."

"ಹಾಗಾದ್ರೆ ಅದು ತಾನಾಗೇ ತೆರ್ಕೊಳ್ತಾ?"

ಶಂಕರಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ತನ್ನ ತಪ್ಪೊಪ್ಪಿಗೆಯನ್ನು ತಾನೇ ಟೈಪ್ ಮಾಡತೊಡಗಿದಳು. 'ಮಾನ್ಯರೇ' ಆಯಿತು. 'ನಾನು' ಆಯಿತು. ಅಲ್ಲಿಂದ ಮುಂದಕ್ಕೆ ಬೆರಳು ಏಳಲಿಲ್ಲ. ಪೂಜೆಗೆ ಏಳುವ ಮೊದಲು ಲಾಕ್ ಹಾಕಿದ್ದು ಅವಳಿಗೆ ಊಟ ಮಾಡಿದ್ದಷ್ಟೇ ಚೆನ್ನಾಗಿ ನೆನಪಿತ್ತು.

ಅಷ್ಟರಲ್ಲಿ ಕಂಪ್ಯೂಟರ್ ರಿಪೇರಿಯ ಮಲ್ಲಿಕ್ ಬಂದ. ಆ ಹಳೆಯ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿಕೊಟ್ಟವನೇ ಅವನು. ಅದರ ಮೇಲೆ ಅವನಿಗೆ ಹೆತ್ತ ಅಭಿಮಾನ.

"ಮಲ್ಲಿಕ್, ಆ ಫೋಟೊ ನಿನ್ನ ಫೋನಿಗೂ ಬಂದಿರುತ್ತಲ್ಲ, ಒಂದ್ಸಲ ತೋರ್ಸು ಮಾರಾಯ," ಎಂದಳು ಶಂಕರಮ್ಮ.

ಅವಮಾನಕ್ಕೆ ಅವಳು ಆ ತನಕ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ಮೂಗಿನ ಹತ್ತಿರ ಹಿಡಿದು ನೋಡಿದಳು. ಕೀಬೋರ್ಡಿನ ಮೇಲೆ ಒಂದು ಚಿಪ್ಪು ಪುಟ್ಟಬಾಳೆ, ಅದರ ಮೇಲೊಂದು ತೆಂಗಿನಕಾಯಿ.

"ಯಜಮಾನ್ರೆ, ನನ್ನ ಗವಸು ಎಲ್ಲಿ?"

"ನಾನೇ ತೆಗೆದೆ. ಬಟ್ಟೆ ಮೇಲೆ ಹಣ್ಣಿಟ್ರೆ ಪೂಜೆ ಬಟ್ಟೆಗೆ ಹೋಗುತ್ತೆ, ಯಂತ್ರಕ್ಕಲ್ಲ."

ಗವಸು ಅಲ್ಲಿತ್ತು ಎಂದರೆ ಶಂಕರಮ್ಮ ಹಾಕಿದ್ದಳು. ಗವಸು ಹಾಕಿದ್ದಳು ಎಂದರೆ ಅದಕ್ಕೆ ಮೊದಲು ಲಾಕ್ ಹಾಕಿಯೇ ಇದ್ದಳು. ಆ ಕ್ರಮ ಈ ಜನ್ಮದಲ್ಲಿ ತಪ್ಪಿಲ್ಲ. ಹಾಗಾದರೆ ಲಾಕ್ ತೆರೆದದ್ದು ಆಮೇಲೆ, ಕೀಬೋರ್ಡಿನ ಮೇಲೆ ಕೂತ ಹಣ್ಣುಕಾಯಿಯಿಂದ! ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟಳು.

"ಅಕ್ಕ, ಬಾಳೆಹಣ್ಣಿಗೆ ಪಾಸ್‌ವರ್ಡ್ ಗೊತ್ತಿರುತ್ತಾ?" ಮಲ್ಲಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ.

ನಗುವವರು ನಗಲಿ ಎಂದು ಅವಳು ಎದುರಿನ ಅಂಗಡಿಗೆ ಓಡಿ ಒಂದು ಚಿಪ್ಪು ಪುಟ್ಟಬಾಳೆ, ಒಂದು ಕಾಯಿ ತಂದಳು. ಟೈಪ್ ಮಾಡಿದ್ದ ಎರಡು ಪದ ಅಳಿಸಿ, ಪ್ರಶ್ನೆಪತ್ರಿಕೆ ತೆರೆದು, ಲಾಕ್ ಹಾಕಿದಳು. ಫೋಟೊ ನೋಡಿಕೊಂಡು ಹಣ್ಣನ್ನು ಅದೇ ಜಾಗದಲ್ಲಿ, ಕಾಯನ್ನು ಅದರ ಮೇಲೆ ಇಟ್ಟಳು. ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಚುಕ್ಕಿಗಳು ಇರುವೆ ಸಾಲಿನಂತೆ ಹೊರಟವು. ಎರಡು ನಿಮಿಷವಾಯಿತು. ಚುಕ್ಕಿ ಬಿಟ್ಟರೆ ಬೇರೇನಿಲ್ಲ.

"ಸಾಕು ತೆಗೀರಿ, ಹನ್ನೊಂದೂವರೆ ಆಯ್ತು," ಎಂದು ಷಡಕ್ಷರಪ್ಪನವರು ಕಾಯಿ ಎತ್ತಿಬಿಟ್ಟರು.

ಶಂಕರಮ್ಮನ ಮುಖ ಸಣ್ಣದಾಯಿತು. ಮಲ್ಲಿಕ್‌ಗೂ ಪಾಪ ಅನ್ನಿಸಿ ನಗು ನಿಂತಿತು. ಅವಳು ಕಣ್ಣು ಮುಚ್ಚಿ ಪೂಜೆಯ ದಿನವನ್ನು ಮೊದಲಿನಿಂದ ನೆನೆದಳು. ಹಣ್ಣುಕಾಯಿ ಇಟ್ಟರು, ಆರತಿ ಎತ್ತಿದರು, ಕುಂಬಳಕಾಯಿ ಒಡೆಯಲು ಎಲ್ಲರೂ ಬೀದಿಗೆ ಹೋದರು. ಎರಡು ಸ್ಕೂಟರು, ಯಜಮಾನರ ಕಾರು. ಕಾರಿನ ಚಕ್ರದಡಿ ಇಟ್ಟ ನಿಂಬೆಹಣ್ಣು ಎರಡು ಸಲ ಜಾರಿಕೊಂಡು ಮೋರಿಗೆ ಬಿತ್ತು, ಹೊಸ ಹಣ್ಣು ತರುವ ತನಕ ಕಾದರು. ಒಳಗೆ ಬಂದ ಮೇಲೆಯೇ ಫೋಟೊ!

"ಹೊತ್ತು ಸಾಲಲಿಲ್ಲ ಯಜಮಾನ್ರೆ! ನಿಮ್ಮ ನಿಂಬೆಹಣ್ಣು ಜಾರಿದಷ್ಟು ಹೊತ್ತು ಬಿಡ್ಬೇಕು!"

ಕಾಯಿ ಮತ್ತೆ ಹಣ್ಣಿನ ಮೇಲೆ ಏರಿತು. ಐದು ನಿಮಿಷ. ಹತ್ತು ನಿಮಿಷ. ಹೆಡ್‌ಮಿಸ್ ಪ್ರಿಯದರ್ಶಿನಿ ಮೇಡಂ ಹೇಳಿದ್ದಕ್ಕಿಂತ ಮೊದಲೇ ಬಂದು ನೋಡಿದರೆ, ಮೂರು ಜನ ದೊಡ್ಡವರು ಉಸಿರು ಬಿಗಿಹಿಡಿದು ಬಾಳೆಹಣ್ಣು ಕಾಯುತ್ತ ನಿಂತಿದ್ದಾರೆ.

"ಏನ್ರೀ ಇದು?" ಎಂದರು ಮೇಡಂ.

ಯಾರೂ ಬಾಯಿ ಬಿಡುವ ಮೊದಲೇ ಪರದೆ ಒಮ್ಮೆ ಮಿಟುಕಿತು, ಕಪ್ಪಾಯಿತು, ಮತ್ತೆ ಬೆಳಗಿತು. ಒಂಬತ್ತನೇ ತರಗತಿ, ವಿಜ್ಞಾನ. ಗರಿಷ್ಠ ಅಂಕಗಳು ಎಂಬತ್ತು.

"ಬಂತು! ಬಂತು!" ಶಂಕರಮ್ಮ ಕೂಗಿದ್ದಕ್ಕೆ ಹಿಂದಿನ ಕೋಣೆಯ ಕಟಿಂಗ್ ಮೆಷಿನ್ನೇ ನಿಂತಿತು. "ನಾನು ಹಾಕಿದ್ದೆ! ಮೇಡಂ, ಹಾಕಿದ್ದೆ ನಾನು!" ಐವತ್ತೆರಡು ವರ್ಷದ ಹೆಂಗಸು ಮಲ್ಲಿಕ್‌ನ ಎರಡೂ ಕೈ ಹಿಡಿದು ಕುಣಿದೇಬಿಟ್ಟಳು. ಮಲ್ಲಿಕ್ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಮೇಡಂ ಸುಲಭಕ್ಕೆ ನಂಬುವವರಲ್ಲ. ಇನ್ನೊಮ್ಮೆ ಮಾಡಿಸಿದರು, ತಾವೇ ಲಾಕ್ ಹಾಕಿ, ತಾವೇ ಹಣ್ಣು ಹೇರಿ, ಗಡಿಯಾರ ನೋಡುತ್ತ ಕೂತರು. ಹನ್ನೊಂದನೇ ನಿಮಿಷಕ್ಕೆ ಲಾಕ್ ಮತ್ತೆ ಕೈಕೊಟ್ಟಿತು.

"ಒತ್ತಿದ ಕೀ ಬಿಡದೇ ಇದ್ರೆ ಅಕ್ಷರ ಸುರೀತಾನೇ ಇರುತ್ತೆ ಮೇಡಂ," ಮಲ್ಲಿಕ್ ತಲೆ ಕೆರೆದುಕೊಂಡ. "ಅಷ್ಟೊಂದು ತಡ್ಕೊಳಕ್ಕಾಗದೆ ಲಾಕಿನ ಪ್ರೋಗ್ರಾಮೇ ಸತ್ತುಹೋಗುತ್ತೆ. ಬೀಗ ತೆರೆದಿದ್ದಲ್ಲ, ಬೀಗಾನೇ ಕಳಚಿ ಬಿದ್ದಿದ್ದು. ಈ ಸಾಫ್ಟ್‌ವೇರ್ ಮಾಡಿದೋರಿಗೆ ಇವತ್ತೇ ಬರೀತೀನಿ. ಅಕ್ಕನ ಹೆಸರು ಹಾಕೇ ಬರೀತೀನಿ."

"ಬರೀರಿ," ಎಂದರು ಮೇಡಂ. "ಪ್ರಶ್ನೆಪತ್ರಿಕೆ ಹೊಸದಾಗಿ ಮಾಡೋಣ, ಶಂಕರಮ್ಮನವರೇ ಮಾಡ್ಲಿ. ಆದ್ರೆ ನಮ್ಮ ಕಮಿಟಿಗೆ ಒಂದು ಕಾಗದ ಬೇಕೇ ಬೇಕು. ಯಾರು ಬರ್ಕೊಡ್ತೀರಿ?"

ಷಡಕ್ಷರಪ್ಪನವರು ಕೀಬೋರ್ಡಿನ ಮೇಲಿಂದ ಹಣ್ಣುಕಾಯಿ ಎತ್ತಿ ಪಕ್ಕಕ್ಕಿಟ್ಟರು.

"ಗವಸು ತೆಗೆದೋನು ನಾನು, ಸ್ಟೇಟಸ್ ಹಾಕಿದೋನೂ ನಾನೇ," ಎಂದರು. "ನಾನು ಹೇಳ್ತೀನಿ. ಶಂಕರಮ್ಮ, ಟೈಪ್ ಮಾಡಿ."

ಅವರು ಹೇಳಿದರು, ಅವಳು ಕುಟ್ಟಿದಳು. ಗವಸು ತೆಗೆದದ್ದು, ಹಣ್ಣಿಟ್ಟದ್ದು, ನೋಡದೆ ಫೋಟೊ ಹಾಕಿದ್ದು ಎಲ್ಲವೂ ಬಂತು. ಬೆಳಿಗ್ಗೆ ಎರಡು ಪದಕ್ಕೆ ನಿಂತಿದ್ದ ಬೆರಳುಗಳು ಈಗ ಅವರ ಮಾತಿಗಿಂತ ಮುಂದೆ ಓಡುತ್ತಿದ್ದವು. 'ಇಂತಿ ತಮ್ಮ ವಿಶ್ವಾಸಿ' ಎಂದು ಅವರು ಹೇಳಿ ಮುಗಿಸಿದ ಮೇಲೂ ಅವಳು ಎದ್ದೇಳಲಿಲ್ಲ. ಮೇಲೆ ಹೋಗಿ ನಡುವೆ ಜಾಗ ಮಾಡಿ ತಾನೇ ಒಂದು ಸಾಲು ಸೇರಿಸಿದಳು: 'ಶ್ರೀಮತಿ ಶಂಕರಮ್ಮನವರು ಕಂಪ್ಯೂಟರಿಗೆ ಲಾಕ್ ಹಾಕಿಯೇ ಎದ್ದಿದ್ದರು.' ಆ ಸಾಲನ್ನು ದಪ್ಪಕ್ಷರಕ್ಕೆ ತಂದಳು. ಸಾಲದೆನ್ನಿಸಿ ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರಿಗೆ ಇಡುವಷ್ಟು ದೊಡ್ಡದು ಮಾಡಿದಳು.

ಷಡಕ್ಷರಪ್ಪನವರು ಪ್ರಿಂಟ್ ತೆಗೆದುಕೊಂಡು ಓದಿದರು.

"ಈ ಸಾಲು ಇಷ್ಟು ದಪ್ಪ ಬೇಕಾ ಶಂಕರಮ್ಮ?"

"ಬೇಕು ಯಜಮಾನ್ರೆ," ಎಂದಳು ಶಂಕರಮ್ಮ.

ಅವರು ಪೆನ್ನು ತೆಗೆದು ಸಹಿ ಹಾಕಿದರು.