ಕೆಂಪು ಚುಕ್ಕಿ ಇಲ್ಲದ ಚೆಂಡು

ಹಳೆಯ ಗಾಲ್ಫ್ ಚೀಲದ ಜೇಬಿನಿಂದ ಮೊನ್ನೆ ಒಂದು ಚೆಂಡು ಉರುಳಿ ಬಿತ್ತು. ಒಣಗಿದ ಕೆಸರು ಇನ್ನೂ ಅಂಟಿಕೊಂಡಿತ್ತು. ಅದರ ಮೇಲೆ ಕೆಂಪು ಚುಕ್ಕಿ ಇರಲಿಲ್ಲ. ಅದು ಇಲ್ಲದ್ದಕ್ಕೇ ಒಬ್ಬರು ಕಳ್ಳರೆನಿಸಿಕೊಂಡರು...

ಸರ್ ಅಪ್ಪನ ಸ್ನೇಹಿತರು, ಬೆಳಗಾವಿಯಲ್ಲಿ ನಾನು ಓದುತ್ತಿದ್ದ ಕಾಲೇಜಿನ ಪ್ರಿನ್ಸಿಪಾಲರು. ಒಂದು ನಿಮಿಷ ತಡವಾಗಿ ಬಂದವರ ಮುಖದ ಮೇಲೆ ಗೇಟು ಹಾಕಿಸುತ್ತಿದ್ದರು. ಅಂಥವರು ಭಾನುವಾರ ಅಪ್ಪನ, ನನ್ನ ಜೊತೆ ಆಡಲು ಗಾಲ್ಫ್ ಮೈದಾನಕ್ಕೆ ಬಂದರೆ ಕಾಲವೇ ಅವರ ಮನೆಯ ಆಳು. ಒಂದು ಹೊಡೆತಕ್ಕೆ ಆರು ಸಲ ಕೋಲು ತೂಗುವುದು, ಗಾಳಿ ನೋಡಲು ಹುಲ್ಲು ಹಾರಿಸುವುದು. ಇಷ್ಟಾದ ಮೇಲೆ ಚೆಂಡು ನಲವತ್ತು ಹೆಜ್ಜೆ ಉರುಳುವುದು. ಹಿಂದಿನ ತಂಡಗಳು ಬಿಸಿಲಲ್ಲಿ ಕಾಯುತ್ತಿದ್ದವು. "ಸರ್, ಅಲ್ಲೇ ಮನಿ ಕಟ್ಟಾವ್ರೇನ್ರಿ?" ಎಂದು ಯಾರಾದರೂ ಕೂಗಿದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಆಟದ ಶಿಷ್ಟಾಚಾರದ ಕುರಿತು ಕ್ಲಬ್ಬಿನ ಗೋಡೆಯಲ್ಲಿದ್ದ ಫಲಕ ಮಾತ್ರ ಅವರದೇ ಬರವಣಿಗೆ.

ನನಗೆ ಆ ಶಿಷ್ಟಾಚಾರ ಕಲಿಸಿದ್ದು ಅವರ ಚೀಲ ಹೊರುತ್ತಿದ್ದ, ಐವತ್ತು ದಾಟಿದ, ಕ್ಲಬ್ಬಿನವರೆಲ್ಲ ಮಾಮಾ ಎಂದು ಕರೆಯುತ್ತಿದ್ದ ಖಾನಾಪುರದ ಆಳು. ಬೇರೆಯವರ ಚೆಂಡು ಉರುಳುವ ದಾರಿ ತುಳಿಯಬಾರದು, ಅದರ ಮೇಲೆ ನೆರಳು ಬೀಳಿಸಬಾರದು, ಹಿಂದಿನವರು ಚುರುಕಾಗಿದ್ದರೆ ಕೈಬೀಸಿ ಮುಂದೆ ಬಿಡಬೇಕು. ಹೇಳಿದ್ದಕ್ಕಿಂತ ಮಾಡಿ ತೋರಿಸಿದ್ದೇ ಹೆಚ್ಚು.

ಒಂದು ಭಾನುವಾರ ಆಟ ಶುರುವಾಗುವ ಮೊದಲೇ ಮಾಮಾ ಕೇಳಿಕೊಂಡರು. "ಸರ್, ಇವತ್ತ ಸ್ವಲ್ಪ ಲಗೂ ಮುಗಸೂಣ್ರಿ. ಮಗಳು ಗೋವಾಕ್ಕ ನರ್ಸ್ ಕೆಲಸಕ್ಕ ಹೊಂಟಾಳ. ಖಾನಾಪುರದಾಗ ಆಕಿನ್ನ ಬಸ್ ಹತ್ತಸಬೇಕು. ಹನ್ನೆರಡರ ರೈಲು ಸಿಕ್ರ ಸಾಕ್ರಿ."

"ಇದೇನ್ ಕುಸ್ತಿ ಅಲ್ಲಪಾ, ಲಗೂ ಮುಗಸಾಕ," ಎಂದು ಸರ್ ನಕ್ಕರು. ಅಪ್ಪನೂ ನಕ್ಕರು.

ಕೊನೆಯ ಕುಳಿಯ ಹತ್ತಿರ ಬಂದಾಗ ಹನ್ನೊಂದೂವರೆ ದಾಟಿತ್ತು. ಸರ್ ಹೊಡೆದ ಚೆಂಡು ಪೊದೆಯೊಳಗೆ ಹೋಯಿತು. ಹುಡುಕಲು ಐದು ನಿಮಿಷ ಎಂಬುದು ಆಗಿನ ನಿಯಮ. ಹದಿನೈದಾಯಿತು. ಹಿಂದಿನವರಿಗೂ ದಾರಿ ಬಿಡಲಿಲ್ಲ. ಆಗ ಮಾಮಾ ಜೇಬಿನಿಂದ ಒಂದು ಚೆಂಡನ್ನು ಮೆಲ್ಲಗೆ ಹುಲ್ಲಿಗೆ ಜಾರಿಸಿದ್ದನ್ನು ನಾನು ನೋಡಿದೆ.

"ಸಿಕ್ತ್ರೀ ಸರ್!"

ಸರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಚೆಂಡುಗಳಿಗೆಲ್ಲ ಅವರು ಕೆಂಪು ಚುಕ್ಕಿ ಇಡುತ್ತಿದ್ದರು. "ಎಲ್ಲೈತೋ ನನ್ನ ಚುಕ್ಕಿ? ನನಗ ಮೋಸ ಕಲಸ್ತೀಯೇನ?" ಎಂದು ಚೆಂಡನ್ನು ನೆಲಕ್ಕೆಸೆದರು. ಆಮೇಲೆ ಪ್ರಾಮಾಣಿಕತೆಯ ಬಗ್ಗೆ ಭಾಷಣ. ತರಗತಿಯಲ್ಲಿ ಮಾಡುತ್ತಿದ್ದುದೇ, ಅದೇ ಕೈಸನ್ನೆ, ಅದೇ ಗಂಟಲು. ಹಿಂದಿನ ತಂಡದವರೂ ಬಂದು ನಿಂತು ಕೇಳಿದರು.

ಅದು ನನ್ನ ಚೀಲದಿಂದ ಬಿದ್ದ ಚೆಂಡು ಎಂದು ನಾನು ಹೇಳಬಹುದಿತ್ತು. ಒಂದೇ ವಾಕ್ಯ. ಪರೀಕ್ಷೆಗೆ ಕೂರಲು ನನ್ನ ಹಾಜರಾತಿಗೆ ಅವರ ಸಹಿ ಬೇಕಿತ್ತು. ನನ್ನ ಚೀಲವನ್ನು ಹೆಗಲಿಗೇರಿಸಿದೆ.

ಮಾಮಾ ಚೀಲವನ್ನು ನೆರಳಿಗೆ ಒರಗಿಸಿಟ್ಟರು, ಎಸೆಯಲಿಲ್ಲ. ಯಾರ ಚೆಂಡಿನ ದಾರಿಯನ್ನೂ ತುಳಿಯದೆ ಹುಲ್ಲಿನ ಅಂಚು ಬಳಸಿ ಹೊರಟರು. ಅವರು ಗೇಟು ತಲುಪುವ ಮೊದಲೇ ದೂರದಲ್ಲಿ ರೈಲಿನ ಸಿಳ್ಳೆ ಕೇಳಿತು. ಸರ್ ಹೊಸ ಚೆಂಡು ಇಟ್ಟು ಗಾಳಿಗೆ ಹುಲ್ಲು ಹಾರಿಸುತ್ತಿದ್ದರು. ಎಲ್ಲರೂ ಮುಂದೆ ನಡೆದ ಮೇಲೆ ನಾನು ಆ ಚೆಂಡನ್ನು ಹೆಕ್ಕಿಕೊಂಡೆ.

ಮುಂದಿನ ಭಾನುವಾರ ಮಾಮಾನ ಹೆಸರು ಕ್ಲಬ್ಬಿನ ಪಟ್ಟಿಯಲ್ಲಿ ಇರಲಿಲ್ಲ. ಹೊಡೆದುಹಾಕಿದವರು ಯಾರೆಂದು ಯಾರೂ ಕೇಳಲಿಲ್ಲ...

ಸರ್ ಈಗಿಲ್ಲ. ಆ ಪೊದೆಯ ಪಕ್ಕ ಅವರ ಹೆಸರಿನ ಕಲ್ಲುಬೆಂಚು ಹಾಕಿದ್ದಾರೆ. ಮುಂದಿನ ತಂಡ ಕದಲದೆ ನಿಂತಾಗ ಜನ ಅದರ ಮೇಲೆ ಕೂತು ಕಾಯುತ್ತಾರೆ. ಅವರಿಗೆ ಇದಕ್ಕಿಂತ ತಕ್ಕ ಸ್ಮಾರಕ ಬೇರೊಂದಿಲ್ಲ.

ಮಾಮಾ ಎಲ್ಲಿದ್ದಾರೋ ತಿಳಿಯದು. ಖಾನಾಪುರದಲ್ಲಿ ವಿಚಾರಿಸಿದಾಗ ಒಬ್ಬರು ಮಗಳ ಬಳಿ ಗೋವಾಕ್ಕೆ ಹೋದರೆಂದರು, ಇನ್ನೊಬ್ಬರು ತೀರಿಕೊಂಡರೆಂದರು. ಈಗ ನನ್ನ ಚೆಂಡು ಕಳೆದರೆ ಹೊಸ ನಿಯಮದಂತೆ ಮೂರು ನಿಮಿಷಕ್ಕೆ ನಿಲ್ಲಿಸಿ, ಹಿಂದಿನವರಿಗೆ ಕೈಬೀಸುತ್ತೇನೆ. ಅವರು ಥ್ಯಾಂಕ್ಸ್ ಹೇಳಿ ದಾಟಿ ಹೋಗುತ್ತಾರೆ. ಅವಸರವಿದ್ದ ಒಬ್ಬರಿಗೆ ಮಾತ್ರ ಅಂದು ನಾನು ದಾರಿ ಬಿಡಿಸಲಿಲ್ಲ.