ಆರೋ ಒಂಬತ್ತೋ

ದೇಜಪ್ಪನವರ ಹತ್ತಿರ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಲಂಡನ್ನಿನ ಫೆಲ್ಥಮ್‌ನ ಗೋಡೌನಿನಲ್ಲಿ ಅವರಲ್ಲದೆ ಬೇರೆ ಯಾರೂ ಅದನ್ನು ತೆರೆದು ನೋಡಿದ್ದಿಲ್ಲ. ಯಾವ ಯಂತ್ರ ಯಾವ ಕಂಪ್ಯೂಟರ್ ಜಾಲಕ್ಕೆ ಸೇರಿದ್ದು, ಆ ಜಾಲದ ನಂಬರ್ ಏನು ಎಂಬುದೆಲ್ಲ ಅದರಲ್ಲಿ ಕನ್ನಡ ಅಂಕಿಗಳಲ್ಲಿತ್ತು. ಗುಟ್ಟಿಗೆಂದು ಹಾಗೆ ಬರೆದದ್ದಲ್ಲ. ಕಾರ್ಕಳದ ಕಡೆಯ ಶಾಲೆಯಲ್ಲಿ ಮಗ್ಗಿ ಕಲಿತದ್ದು ಆ ಅಂಕಿಗಳಲ್ಲಿ. ಐಟಿಐ ಮುಗಿಸಿ, ಮಸ್ಕತ್ತಿನಲ್ಲಿ ಏಳು ವರ್ಷ ವೈರಿಂಗ್ ಮಾಡಿ, ಲಂಡನ್ನಿಗೆ ಬಂದು ಸರಕು ಸಾಗಿಸುವ ಕಂಪನಿಯಲ್ಲಿ ಪೆಟ್ಟಿಗೆ ಎತ್ತುತ್ತ, ಸಂಜೆ ಕಾಲೇಜಿನಲ್ಲಿ ಕಂಪ್ಯೂಟರ್ ಜಾಲದ ಕೆಲಸ ಕಲಿತರು. ಇಷ್ಟೆಲ್ಲ ಆದ ಮೇಲೂ ಅವಸರದಲ್ಲಿ ಕೈ ಬರೆಯುತ್ತಿದ್ದದ್ದು ೧, ೨, ೩ ಎಂದೇ.

ಕಂಪನಿಗೆ ಫೆಲ್ಥಮ್‌ನಲ್ಲಿ ಗೋಡೌನ್, ಸೌತ್‌ಹಾಲ್‌ನಲ್ಲಿ ಬುಕಿಂಗ್ ಆಫೀಸು, ಕ್ಯಾನರಿ ವಾರ್ಫ್‌ನಲ್ಲಿ ಹೆಡ್ಡಾಫೀಸು. ಜೊತೆಗೆ ಎಲ್ಲೋ ದೂರದ ಕಂಪ್ಯೂಟರುಗಳಲ್ಲಿ ಬಾಡಿಗೆಗೆ ಹಿಡಿದ ಎರಡು ಕ್ಲೌಡ್. ಈ ಐದರ ಜಾಲಗಳನ್ನೂ ಒಂದಕ್ಕೊಂದು ಜೋಡಿಸುವ ಹತ್ತು ದಾರಿಗಳನ್ನು ಹನ್ನೊಂದು ವರ್ಷಗಳಲ್ಲಿ ಒಂದೊಂದಾಗಿ ಕಟ್ಟಿದವರು ದೇಜಪ್ಪ.

೨೦೧೯ರ ಮಾರ್ಚಿನಲ್ಲಿ ಹೆಡ್ಡಾಫೀಸಿನಿಂದ ರಜತ್ ಎಂಬ ಬೆಂಗಳೂರಿನ ಹುಡುಗ ಇಂಜಿನಿಯರ್ ಬಂದ.

"ಅಂಕಲ್, ಇನ್ಮೇಲೆ ಹತ್ತು ದಾರಿ ಬೇಡ. ಮಧ್ಯದಲ್ಲಿ ಒಂದು ಹಬ್ ಇಡ್ತೀವಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಅಂದ್ಕೊಳ್ಳಿ. ಎಲ್ಲಾ ಬಸ್ಸೂ ಅಲ್ಲಿಗೇ ಬರುತ್ತೆ. ಯಾರು ಎಲ್ಲಿಗೆ ಹೋಗ್ಬೇಕೋ ಅಲ್ಲಿಂದ ಬದಲಾಯಿಸ್ಕೊಂಡು ಹೋಗೋದು."

"ಸೌತ್‌ಹಾಲ್ ಇಲ್ಲೇ ಪಕ್ಕದಲ್ಲಿ ಉಂಟಲ್ಲ. ಅಲ್ಲಿಗೆ ಹೋಗ್ಲಿಕ್ಕೆ ಮೆಜೆಸ್ಟಿಕ್ ಎಂತಕ್ಕೆ?"

"ಎಲ್ಲಾನೂ ಒಂದೇ ಕಡೆ ನೋಡ್ಕೋಬಹುದಲ್ಲ."

"ಆ ಹಬ್ ಇರುದೆಲ್ಲಿ?"

"ಕ್ಲೌಡ್‌ನಲ್ಲಿ."

"ಕ್ಲೌಡ್ ಇರುದೆಲ್ಲಿ?"

ರಜತ್ ನಕ್ಕ. ದೇಜಪ್ಪ ತಮಾಷೆಗೆ ಕೇಳಿರಲಿಲ್ಲ.

ಅವನ ಹಿಂದೆಯೇ ಒಂದು ಪತ್ರವೂ ಬಂತು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಫೆಲ್ಥಮ್‌ನ ಹಳೆಯ ದಾರಿಗಳನ್ನು ಮುಚ್ಚುತ್ತಾರೆ. ಅಷ್ಟರೊಳಗೆ ಗೋಡೌನ್ ಹಬ್‌ಗೆ ಸೇರಬೇಕು. ಆಗದಿದ್ದರೆ ಕೆಲಸವನ್ನು ಹೊರಗಿನ ಕಂಪನಿಗೆ ವಹಿಸುತ್ತಾರೆ. ಫೆಲ್ಥಮ್‌ಗೆ ಪ್ರತ್ಯೇಕ ನೆಟ್‌ವರ್ಕ್ ನೌಕರನ ಅಗತ್ಯ ಆಮೇಲೆ ಇರುವುದಿಲ್ಲ. ದೇಜಪ್ಪನವರಿಗೆ ಆಗ ಐವತ್ತನಾಲ್ಕು. ಪತ್ರವನ್ನು ಎರಡು ಸಲ ಓದಿ, ಮಡಿಸಿ, ನೀಲಿ ಪುಸ್ತಕದೊಳಗೆ ಇಟ್ಟರು.

ಮಂಗಳವಾರ ಪುಸ್ತಕ ನೋಡಿಕೊಂಡು ಗೋಡೌನಿನ ಜಾಲಗಳ ನಂಬರುಗಳನ್ನೆಲ್ಲ ಹಬ್‌ನ ಪಟ್ಟಿಗೆ ತುಂಬಿಸಿದರು. ಆಫೀಸಿನ ಕಂಪ್ಯೂಟರುಗಳು ಸರಾಗವಾಗಿ ನಡೆದವು. ಪೆಟ್ಟಿಗೆಗಳ ಚೀಟಿ ಓದುವ ಕೈ ಸ್ಕ್ಯಾನರುಗಳು ಮಾತ್ರ 'ಕಾಯಿರಿ' ಎಂದು ತೋರಿಸುತ್ತ ನಿಂತುಬಿಟ್ಟವು. ಆ ದಿನಕ್ಕೆ ಅವನ್ನು ಹಳೆಯ ದಾರಿಗೇ ತಿರುಗಿಸಬೇಕಾಯಿತು.

"ನಿಮ್ಮ ಸ್ಕ್ಯಾನರ್ ಕೇಳೋದು ನಮಗೆ ಬರ್ತಿದೆ ಅಂಕಲ್," ಎಂದ ರಜತ್ ಫೋನಿನಲ್ಲಿ. "ನಾವು ಉತ್ತರಾನೂ ಕಳಿಸ್ತಿದ್ದೀವಿ."

"ಇಲ್ಲಿಗೆ ಬರುದಿಲ್ಲ ಮಾರಾಯ."

"ಹಾಗಾದ್ರೆ ನಿಮ್ಮ ಕಡೆ ಪ್ರಾಬ್ಲಮ್."

ಹೋಗುತ್ತದೆ, ಬರುವುದಿಲ್ಲ. ಹೋದ ದಾರಿಯಲ್ಲೇ ಮರಳುವುದಕ್ಕೆ ಏನು ಕಷ್ಟ? ಬುಧವಾರ ಕೇಬಲ್ ಬದಲಾಯಿಸಿದರು. ಗುರುವಾರ ಆ ಕೇಬಲ್ ಸಿಕ್ಕಿಸುವ ಯಂತ್ರವನ್ನೇ ಬದಲಾಯಿಸಿದರು. ಪುಸ್ತಕವನ್ನೂ ಪಟ್ಟಿಯನ್ನೂ ಹತ್ತು ಸಲ ತಾಳೆ ನೋಡಿದರು. ಎರಡರಲ್ಲೂ ಸ್ಕ್ಯಾನರುಗಳ ಜಾಲ ಒಂಬತ್ತು. ಪುಸ್ತಕವನ್ನು ಅನುಮಾನಿಸುವುದು ಅವರಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಅದು ಅವರನ್ನು ಕೈಬಿಟ್ಟಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಪ್ರಫುಲ್ಲಾ ಏನಾಯಿತೆಂದು ಕೇಳಿದರು. ಇವರು ಚಪಾತಿಯನ್ನು ಹಬ್ ಮಾಡಿ, ಸುತ್ತ ಉಪ್ಪಿನಕಾಯಿಯ ಹೋಳು ಇಟ್ಟು ವಿವರಿಸಿದರು.

"ಕೇಳಿದ್ದು ಹೋಗಿ ಮುಟ್ಟುತ್ತದೆ, ಉತ್ತರ ಬರುದಿಲ್ಲ. ಅಷ್ಟೇ ಅಲ್ವಾ?" ಎಂದರು ಪ್ರಫುಲ್ಲಾ. "ಇಪ್ಪತ್ತೈದು ವರ್ಷದಿಂದ ನಾನು ನಿಮ್ಮ ಹತ್ರ ಮಾತಾಡುದೂ ಹಾಗೇ. ಯಾವ ಇಂಜಿನಿಯರೂ ಬರ್ಲಿಲ್ಲ ನೋಡ್ಲಿಕ್ಕೆ."

ಶುಕ್ರವಾರ ಹತ್ತೂವರೆಗೆ ಗೋಡೌನಿನ ಸೂಪರ್‌ವೈಸರ್ ಸಿಲ್ವೆಸ್ಟರ್ ಎರಡು ಕಪ್ ಚಹಾ ಹಿಡಿದು ಬಂದ. ಬೆಳ್ತಂಗಡಿಯವನು. ಇಲ್ಲಿಗೆ ಬರುವ ಮೊದಲು ಬಸ್ ಕಂಡಕ್ಟರ್ ಆಗಿದ್ದ.

"ದೇಜಪ್ಪಣ್ಣ, ಹನ್ನೆರಡು ಗಂಟೆ ಮೇಲೆ ನನ್ನ ಜನ ಸ್ಕ್ಯಾನರ್ ಹಿಡ್ಕೊಂಡು ಕೆನ್ನೆ ಕೆರ್ಕೊಳ್ಳುದಾ?"

"ಎಲ್ಲ ಸರಿ ಉಂಟು ಮಾರಾಯ. ನೋಡು, ಪುಸ್ತಕದಲ್ಲಿ ಒಂಬತ್ತು, ಪಟ್ಟಿಯಲ್ಲೂ ಒಂಬತ್ತು."

ಸಿಲ್ವೆಸ್ಟರ್ ಬಗ್ಗಿ ನೋಡಿದ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ.

"ಇದು ಎಲ್ಲಿಯ ಒಂಬತ್ತು? ಇದು ಆರು."

"ಒಂಬತ್ತು."

"ಆರು! ಬಸ್ಸಿನ ನಂಬರ್ ಪ್ಲೇಟಲ್ಲಿ ಈ ಅಂಕಿಗಳನ್ನೇ ನೋಡಿ ಬದುಕಿದವ ನಾನು. ಆರಕ್ಕೂ ಒಂಬತ್ತಕ್ಕೂ ಬಾಲ ತಿರುಗುದರಲ್ಲಿ ಮಾತ್ರ ವ್ಯತ್ಯಾಸ. ನಿಮ್ಮ ಬಾಲ ಆಚೆಗೂ ಇಲ್ಲ, ಈಚೆಗೂ ಇಲ್ಲ."

ದೇಜಪ್ಪ ಚಹಾ ಪಕ್ಕಕ್ಕಿಟ್ಟರು. ಒಂದು ಸ್ಕ್ಯಾನರ್ ತೆಗೆದುಕೊಂಡು, ಅದರ ಸೆಟ್ಟಿಂಗುಗಳ ಒಳಗೊಳಗೆ ಹೋಗಿ ಜಾಲದ ನಂಬರ್ ಹುಡುಕಿದರು. ಆರು. ಆರರಿಂದ ಪ್ರಶ್ನೆ ಹೋಗುತ್ತಿತ್ತು; ಆರು ಎಲ್ಲಿದೆ ಎಂದು ಹಬ್‌ಗೆ ಯಾರೂ ಹೇಳಿರಲಿಲ್ಲ. ಉತ್ತರಗಳು ಮೆಜೆಸ್ಟಿಕ್ಕಿಗೆ ಬಂದು, ಮುಂದಿನ ಬಸ್ ಯಾವುದೆಂದು ಗೊತ್ತಿಲ್ಲದೆ ಅಲ್ಲೇ ಕಳೆದುಹೋಗುತ್ತಿದ್ದವು.

ಒಂದೇ ಒಂದು ಅಂಕಿ ತಿದ್ದಿದರು. ಹನ್ನೊಂದು ಹತ್ತಕ್ಕೆ ಗೋಡೌನಿನ ತುಂಬ ಬೀಪ್ ಬೀಪ್ ಶುರುವಾಯಿತು.

"ಸೂಪರ್ ಅಂಕಲ್! ಏನಾಗಿತ್ತು? ಕಾರಣ ಬರೀಬೇಕು ನಾನು," ಎಂದ ರಜತ್ ಫೋನಿನಲ್ಲಿ.

"ನನ್ನ ಆರನ್ನು ನಾನೇ ಒಂಬತ್ತು ಅಂತ ಓದಿದೆ. ಹಾಗೇ ಬರಿ."

"ಪೇಪರ್ ತಲೆಕೆಳಗೆ ಹಿಡ್ಕೊಂಡಿದ್ರಾ?"

"ಇಲ್ಲ ಮಾರಾಯ, ಕನ್ನಡದ ಆರು."

"ಕನ್ನಡದಲ್ಲಿ ಬೇರೆ ನಂಬರ್ ಇದ್ಯಾ ಅಂಕಲ್?"

ರಜತ್ 'ಟೈಪಿಂಗ್ ಮಿಸ್ಟೇಕ್' ಎಂದು ಬರೆದುಕೊಂಡು, "ಮುಂದಿನ ಶುಕ್ರವಾರ ಸೌತ್‌ಹಾಲ್. ಅದನ್ನೂ ನೀವೇ ಮಾಡಿ," ಎಂದ. ಕೆಲಸ ಉಳಿದಿತ್ತು. ಇನ್ನೊಂದು ವಾರದ ಮಟ್ಟಿಗಂತೂ.

ಹನ್ನೆರಡಕ್ಕೆ ಹಳೆಯ ದಾರಿಗಳು ಮುಚ್ಚಿದವು. ಯಾವ ಸದ್ದೂ ಆಗಲಿಲ್ಲ. ದೇಜಪ್ಪ ಪುಸ್ತಕದಲ್ಲಿ ಸೌತ್‌ಹಾಲ್‌ನ ಹಾಳೆ ತೆರೆದರು. ಒಂದು, ಅದರ ಮುಂದೆ ಇನ್ನೊಂದು ಅಂಕಿ. ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಸಿಲ್ವೆಸ್ಟರ್, ಇದು ಹದಿನಾರಲ್ವಾ?"

ಸಿಲ್ವೆಸ್ಟರ್ ಬಹಳ ಹೊತ್ತು ನೋಡಿದ.

"ಇದು... ಹತ್ತೊಂಬತ್ತು ಅಂತ ಕಾಣ್ತದೆ. ಅಲ್ಲ, ಇರಿ."

ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ದೇಜಪ್ಪ ಕೋಟು ಹಾಕಿಕೊಂಡು, ಸೌತ್‌ಹಾಲ್‌ನ ಯಂತ್ರವನ್ನೇ ಕೇಳಿ ಬರಲು ಬಸ್ ಸ್ಟಾಪಿನ ಕಡೆ ಹೊರಟರು.